ಸವಳಿನಲ್ಲಿ ಕಿತ್ತೆಸೆದ ಗೋಧಿ

ಎಂಬತ್ತರ ದಶಕದಲ್ಲಿ ನಾನು ಗೋಧಿ ತಳಿಗಳ ಸಂಶೋಧನೆಯಲ್ಲಿ ಸಹಾಯಕಿಯಾಗಿದ್ದೆ. ನವಲಗುಂದದ ಎರೆಮಣ್ಣಿನ ಹೊಲಗಳಿಗೆ ಕಾಲುವೆ ನೀರು ಬಂದು ಕೆಲವು ವರ್ಷಗಳಾಗಿದ್ದವು. ನೀರು ಹೆಚ್ಚಾದ ಕಡೆ ನೆಲದೊಳಗಿನ ಉಪ್ಪು ಮೇಲೆದ್ದು, ಬಿಸಿಲಿಗೆ ಸುಣ್ಣ ಚೆಲ್ಲಿದಂತೆ ಕಾಣುತ್ತಿತ್ತು. ಅದಕ್ಕೆ ಅಲ್ಲಿಯವರು ಸವಳು ಎನ್ನುತ್ತಾರೆ. ಉಪ್ಪು ತಾಳಿಕೊಳ್ಳುವ, ಆದರೆ ಚಪಾತಿಗೆ ಒಗ್ಗದ ಒಂದು ಕೆಂಪು ಗೋಧಿಯನ್ನು ಊರ ಗೋಧಿಯೊಂದಿಗೆ ಕೂಡಿಸಿ, ಎರಡರ ಒಳ್ಳೆಯ ಗುಣವೂ ಇರುವ ಗಿಡವನ್ನು ಹುಡುಕುವುದು ನಮ್ಮ ಕೆಲಸ.

ಚಿಮುಟದಿಂದ ಒಂದೊಂದೇ ಹೂವಿನ ಕೇಸರ ಕೀಳಬೇಕು, ತೆನೆಗೆ ಕಾಗದದ ಚೀಲ ತೊಡಿಸಬೇಕು, ಎರಡು ದಿನ ಬಿಟ್ಟು ಇನ್ನೊಂದು ತಳಿಯ ಪರಾಗ ಉದುರಿಸಬೇಕು. ಬಗ್ಗಿ ಬಗ್ಗಿ ಕತ್ತು ಹಿಡಿಯುತ್ತಿತ್ತು. ಮೊದಲ ವರ್ಷ ಅದಕ್ಕೇ ಹೋಯಿತು, ಎರಡನೆಯದು ಬೀಜ ಹೆಚ್ಚಿಸುವುದಕ್ಕೆ. ಮೂರನೆಯ ವರ್ಷದ ಬೆಳೆಯಲ್ಲಿ ಗಿಡಗಿಡಕ್ಕೂ ಗುಣ ಬೇರೆಯಾಗುತ್ತದೆ. ಆಗ ಸವಳಿನಲ್ಲಿ ಬಿತ್ತಿ ಆರಿಸಬೇಕು.

ಹೊಲ ಕೊಟ್ಟವರು ಐವತ್ತು ದಾಟಿದ ಒಬ್ಬ ಹೆಂಗಸು. ಗಂಡ ತೀರಿಕೊಂಡ ಮೇಲೆ ಕಮತವನ್ನೆಲ್ಲ ತಾವೇ ನೋಡುತ್ತಿದ್ದರು. ನಾನು ಅವರನ್ನು ಚಿಕ್ಕಮ್ಮನನ್ನು ಕರೆಯುವಂತೆ ಕಾಕು ಎನ್ನುತ್ತಿದ್ದೆ, ಅವರು ನನ್ನನ್ನು ಮರ್ಯಾದೆಯಿಂದ ಬಾಯಾರ ಎನ್ನುತ್ತಿದ್ದರು.

ಆ ಮೂರನೆಯ ವರ್ಷ ಹೊಲದ ಬಹುಪಾಲು ಹಳದಿಗಟ್ಟಿ ಕುಗ್ಗಿತು. ಹನ್ನೊಂದು ಗಿಡಗಳು ಮಾತ್ರ ಎದೆಯೆತ್ತರ ಬೆಳೆದು ತೂಗುತ್ತಿದ್ದವು. ನನ್ನ ಮೇಲಧಿಕಾರಿ ಒಂದೊಂದಕ್ಕೂ ಕೆಂಪು ದಾರ ಕಟ್ಟಿಸಿ, ಹೊಲದ ನಕ್ಷೆಯಲ್ಲಿ ಗುರುತು ಹಾಕಿಸಿದರು. ‘ಉಳಿದದ್ದನ್ನು ಕಿತ್ತು ಹಾಕಿಸ್ರಿ’ ಎಂದರು. ನಾನೂ ಕೈಹಾಕಿ ಕಿತ್ತೆ. ಅತಿ ಬೆಳ್ಳಗಿದ್ದ ಜಾಗದಲ್ಲಿ ಗೇಣುದ್ದದ ಒಂದು ಗಿಡವಿತ್ತು. ತೆನೆ ಮುರಿದು ನೋಡಿದೆ: ಐದು ಕಾಳು, ಗಟ್ಟಿಯಾದವು. ಇಷ್ಟೇನಾ ಎಂದುಕೊಂಡು ಒಡ್ಡಿನ ಕಡೆ ಎಸೆದೆ.

ಮರುವರ್ಷ ಆ ಹನ್ನೊಂದರ ಬೀಜವನ್ನು ಹೊಲದ ತುಂಬ ಸಾಲು ಹಿಡಿದು ಬಿತ್ತಿದೆವು. ತಿಂಗಳೊಳಗೆ ಎಲೆಯ ತುದಿ ಸುಟ್ಟಂತಾಯಿತು, ಆಮೇಲೆ ಸಾಲಿಗೆ ಸಾಲೇ ಒಣಗಿತು. ಮೂಡಣ ಮೂಲೆಯ ನಾಲ್ಕು ಸಾಲು ಮಾತ್ರ ಹಸಿರಾಗಿ ನಿಂತಿದ್ದವು. ನಾನು ಒಡ್ಡಿನ ಮೇಲೆ ಕೂತುಬಿಟ್ಟೆ.

‘ಯಾಕ್ರಿ ಬಾಯಾರ, ಮಾರಿ ಸಣ್ಣದ ಮಾಡೀರಿ?’ ಎಂದು ಕಾಕು ಬಂದರು.

‘ಎಲ್ಲಾ ಹೋತ್ರಿ ಕಾಕು. ಆ ಮೂಲ್ಯಾಗಿನವು ಅಷ್ಟ ಉಳದಾವು.’

‘ಅಲ್ಲಿ ಏನ ಹಾಕಿದ್ರೂ ಬರತೈತ್ರಿ. ನಮ್ಮ ಮಾವನವರ ಕಾಲಕ್ಕ ಅಲ್ಲೇ ದನಾ ಕಟ್ಟತಿದ್ರು, ತಿಪ್ಪೀನೂ ಅಲ್ಲೇ ಇತ್ತು. ಎತ್ತರದ ಜಾಗಾ, ನೀರ ನಿಂದ್ರೂದಿಲ್ಲ. ಸವಳ ಅಲ್ಲಿಗೆ ಇನ್ನೂ ಹತ್ತಿಲ್ಲ.’

ಚೀಲದಿಂದ ಹಿಂದಿನ ವರ್ಷದ ನಕ್ಷೆ ತೆಗೆದೆ. ಕೆಂಪು ದಾರದ ಹನ್ನೊಂದೂ ಆ ಮೂಲೆಯವೇ. ನಾವು ಗಿಡದ ಗುಣವನ್ನಲ್ಲ, ಹಳೆಯ ತಿಪ್ಪೆಯನ್ನು ಆರಿಸಿದ್ದೆವು. ಮಣ್ಣು ಪರೀಕ್ಷಿಸಿದ್ದೆವು, ನಿಜ. ಆದರೆ ಹೊಲದ ನಾಲ್ಕು ಕಡೆಯ ಮಣ್ಣನ್ನು ಒಂದೇ ಬುಟ್ಟಿಯಲ್ಲಿ ಕಲಸಿ ಪರೀಕ್ಷಿಸಿದ್ದೆವು.

‘ಮೊದಲ ಯಾಕ ಹೇಳಲಿಲ್ರಿ?’ ನನ್ನ ದನಿ ಜೋರಾಗಿತ್ತು.

‘ನೀವೆಲ್ಲಿ ಕೇಳಿದ್ರಿ? ದಾರಾ ಕಟ್ಟೀರಿ, ಬರಕೊಂಡೀರಿ, ಹೋದ್ರಿ. ಯಾಕ ಕಟ್ಟೀರಿ ಅಂತ ನನಗರ ಯಾರ ಹೇಳಿದ್ರಿ?’

ಅವರ ಮೇಲೆ ಬಂದ ಸಿಟ್ಟು ನನ್ನ ಮೇಲೇ ತಿರುಗಿತು. ನಿಜವಾಗಿ ಉಪ್ಪು ತಾಳಿಕೊಂಡದ್ದು ಆ ಗೇಣುದ್ದದ ಗಿಡವಾಗಿದ್ದಿರಬಹುದು. ಎಸೆದ ಒಡ್ಡಿನ ಗುಂಟ ನಡೆದು ನೋಡಿದೆ. ಹುಲ್ಲಿನ ಹೊರತು ಏನೂ ಇರಲಿಲ್ಲ. ಹುಚ್ಚುತನವೆಂದು ಗೊತ್ತಿದ್ದರೂ ಎರಡು ಸಲ ನಡೆದೆ.

ಮೇಲಧಿಕಾರಿಗೆ ಹೇಳಿದಾಗ ಅವರು ಕನ್ನಡಕ ಒರೆಸಿಕೊಂಡರು. ವರದಿಯಲ್ಲಿ ‘ಹವಾಮಾನ ಅನುಕೂಲವಾಗಿರಲಿಲ್ಲ’ ಎಂದು ಬರೆದರು. ‘ಹವಾಮಾನ ಚಲೋ ಇತ್ತಲ್ರಿ ಸರ್’ ಎಂದೆ. ‘ತಿಪ್ಪಿ ಅಂತ ಬರೀಲೇನು?’ ಎಂದು ಗದರಿದರು. ನಾನು ಆ ವರದಿಯನ್ನು ಹಾಗೆಯೇ ಟೈಪಿಗೆ ಕೊಟ್ಟೆ. ಹಾಗೆ ಕೊಟ್ಟದ್ದು ಇಂದಿಗೂ ನನಗೆ ನುಂಗಲಾಗದ ತುತ್ತು.

ಮತ್ತೆ ಮೊದಲಿನಿಂದ ಚಿಮುಟ ಹಿಡಿದೆವು. ಈ ಸಲ ಸವಳು ಮಣ್ಣನ್ನು ಕುಂಡಗಳಿಗೆ ಒಂದೇ ಅಳತೆಯಲ್ಲಿ ತುಂಬಿ, ಅದರಲ್ಲಿ ಆರಿಸಿದೆವು. ನಾಲ್ಕು ಗಿಡ ಉಳಿದವು. ಅವುಗಳ ಕಾಳು ಹೆಚ್ಚಿಸಿ ಒಂದು ಸೇರಾದಾಗ ಕಾಕುವಿಗೆ ಒಂದಿಷ್ಟು ಕೊಟ್ಟೆ. ಅವರು ಬೀಸಿ ಚಪಾತಿ ಮಾಡಿದರು. ಹರಿದು ಬಾಯಿಗಿಟ್ಟು, ಹೊತ್ತು ಹಿಡಿದು ಅಗಿದರು.

‘ಸವಳಿಗೆ ಗಟ್ಟಿ ಆಗೇತಿ ಖರೆ, ಹಲ್ಲಿಗೂ ಗಟ್ಟಿ ಆಗೇತ್ರಿ.’

ಇನ್ನೊಮ್ಮೆ ಊರ ಗೋಧಿಯೊಂದಿಗೆ ಕೂಡಿಸಬೇಕು, ಇನ್ನೂ ಮೂರು ನಾಲ್ಕು ವರ್ಷ ಎಂದು ಲೆಕ್ಕ ಹಾಕುತ್ತಿರುವಾಗಲೇ ನನ್ನನ್ನು ಮೆಣಸಿನಕಾಯಿ ವಿಭಾಗಕ್ಕೆ ವರ್ಗ ಮಾಡಿದರು. ನನ್ನ ಜಾಗಕ್ಕೆ ಬಂದವರಿಗೆ ಬೀಜದ ಪೊಟ್ಟಣಗಳನ್ನು ಒಪ್ಪಿಸಿ, ಹೊಲದ ನಕ್ಷೆ ಬಿಡಿಸಿಟ್ಟು, ಕಾಕುವನ್ನು ಕೇಳದೆ ಏನೂ ಬಿತ್ತಬೇಡಿ ಎಂದೆ. ಅವರು ತಲೆಯಾಡಿಸಿ, ಪೊಟ್ಟಣ ಪಡೆದದ್ದಕ್ಕೆ ಸಹಿ ಎಲ್ಲಿ ಮಾಡಬೇಕು ಎಂದು ಕೇಳಿದರು.