ಫೋನ್ ಬಾರದ ಮನೆ

2020ರ ಮಳೆಗಾಲ. ಆಗ ನಾನು ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ, ನುಗ್ಗೇಹಳ್ಳಿ ಕಡೆಯ ಒಂದು ಊರಿನಲ್ಲಿ ಕಿರಿಯ ಆರೋಗ್ಯ ಸಹಾಯಕಿ. ನನ್ನ ತಂಗಿ ಸುಧಾಳನ್ನು ಕೊಟ್ಟಿದ್ದೂ ಅದೇ ಊರಿಗೆ. ಕೊರೊನಾ ಊರೊಳಗೆ ಬರುವ ಹಿಂದಿನ ದಿನ ಬೆಳಿಗ್ಗೆ ಡೈರಿ ಮುಂದೆ ಹಾಲಿನ ಕ್ಯಾನುಗಳು ಎಂದಿನಂತೆ ಸಾಲಾಗಿ ಕೂತಿದ್ದವು. ಅಲ್ಲಿ ಕ್ಯಾನು ಇಟ್ಟ ಮೇಲೆ ಸಾಲು ತಪ್ಪುವಂತಿಲ್ಲ. ಯಾರ ಹಿಂದೆ ಯಾರು ಎಂಬುದು ಎಲ್ಲರಿಗೂ ಬಾಯಿಪಾಠ.

"ಮೂತಿ ಕಟ್ಕಂಡ್ರೇನೇ ನೀನು ಚೆಂದ ಕಣಕ್ಕಾ," ಎಂದು ಸುಧಾ ನನ್ನ ಮಾಸ್ಕ್ ನೋಡಿ ನಕ್ಕಳು.

ಮರುದಿನ ಗೌರಮ್ಮನ ವರದಿ ಪಾಸಿಟಿವ್ ಬಂತು. ಎರಡು ಎಮ್ಮೆ ಸಾಕಿಕೊಂಡು ಊರಾಚೆ ತೋಟದ ಮನೆಯಲ್ಲಿ ಒಬ್ಬಳೇ ಇದ್ದ ಹೆಂಗಸು. ಜ್ವರ ಕಡಿಮೆ ಇದ್ದುದರಿಂದ ಮನೆಯಲ್ಲೇ ಇರಲು ವೈದ್ಯರು ಒಪ್ಪಿದರು. ಅವಳ ಪ್ರಾಥಮಿಕ ಸಂಪರ್ಕಿತರನ್ನು, ಅಂದರೆ ಹತ್ತಿರದಲ್ಲಿ ಸ್ವಲ್ಪ ಹೊತ್ತಾದರೂ ಕಳೆದವರನ್ನು, ಹುಡುಕುವುದು ನನ್ನ ಕೆಲಸ.

"ಹೆಸರು ಕೊಡ್ತೀನಿ ನರ್ಸಮ್ಮ. ನನ್ನೆಸರು ಮಾತ್ರ ಆಚೆ ಬಿಡ್ಬ್ಯಾಡಿ. ನನ್ನ ಹಾಲು ಹಾಕಿಸ್ಕಳ್ದೇ ಹೋದ್ರೆ ಈ ಎಮ್ಮೆ ಕಟ್ಕಂಡು ಏನ್ ಮಾಡ್ಲಿ?"

ಮಾತು ಕೊಟ್ಟೆ. ಡೈರಿ ಸಾಲಿನಲ್ಲಿ ಅವಳ ಹಿಂದೆ ಮುಂದೆ ನಿಂತಿದ್ದ ಎಂಟು ಮನೆಗೆ ಫೋನ್ ಮಾಡಿದೆ. "ಒಬ್ಬರಿಗೆ ಬಂದಿದೆ, ಯಾರೆಂದು ಹೇಳುವ ಹಾಗಿಲ್ಲ, ಮನೆಯಲ್ಲೇ ಇರಿ," ಎಂದೆ. ಕರ್ತವ್ಯ ಸರಿಯಾಗಿ ಮಾಡಿದೆ ಎಂದುಕೊಂಡೆ.

ಸಂಜೆಯೊಳಗೆ ಜನ ಬಾಗಿಲಲ್ಲೇ ನಿಂತು ಮನೆಯಿಂದ ಮನೆಗೆ ಕೂಗಾಡಿಕೊಂಡರು. "ನಂಗೆ ಬಂತು ಕಣ್ಲಾ ಫೋನು, ನಿಂಗೆ?" "ನಂಗೂ ಬಂತು." ಸಾಲಿನ ಮಧ್ಯೆ ಒಂದೇ ಒಂದು ಮನೆಗೆ ಬಂದಿರಲಿಲ್ಲ. "ನರ್ಸಮ್ಮ ಹೇಳ್ದಿದ್ರೇನ್ಲಾ, ನಮಗೆ ಲೆಕ್ಕ ಬರಾಕಿಲ್ವಾ?" ಎಂದು ಒಬ್ಬ ನಕ್ಕನಂತೆ.

ಗೌರಮ್ಮ ವಾಸಿಯಾಗಿ ಡೈರಿಗೆ ಬಂದ ಮೇಲೂ ಅವಳ ಕ್ಯಾನನ್ನು ಸಾಲಿನಿಂದ ಆಚೆ ಇಟ್ಟರು. ಹಲವು ವಾರ ಹಾಲು ಚರಂಡಿಗೆ ಹೋಯಿತು. ದಿನವೂ ಅದನ್ನು ನೋಡುತ್ತಿದ್ದವಳು ಸುಧಾ.

"ನಾನು ಯಾರಿಗೂ ಹೇಳಿಲ್ಲ ಕಣೇ," ಎಂದೆ ಅವಳಿಗೆ.

"ಹೇಳ್ದಲೇನೇ ಹೇಳ್ಬುಟ್ಟೆ ಕಣಕ್ಕಾ."

ಆಮೇಲೆ ನಾನು ಕೆಲಸದ ರೀತಿ ಬದಲಿಸಿದೆ. ಇಡೀ ಸಾಲಿಗೆ, ಸೋಂಕಿತರ ಮನೆಗೂ ಸೇರಿಸಿ, ಹಿಂದುಮುಂದಾಗಿ ಫೋನ್ ಮಾಡತೊಡಗಿದೆ. ಆದರೆ ಅಷ್ಟರಲ್ಲಿ ನನ್ನ ನಂಬರ್ ಕಂಡರೇ ಜನ ಫೋನ್ ಎತ್ತುತ್ತಿರಲಿಲ್ಲ.

ಮರುವರ್ಷ, ಎರಡನೇ ಅಲೆಯಲ್ಲಿ, ಒಂದು ಮಧ್ಯಾಹ್ನ ಫೋನಿನಲ್ಲಿ ಸುಧಾಳ ದನಿ ಭಾರವಾಗಿ ಕೇಳಿಸಿತು. "ಬರೀ ಶೀತ ಕಣಕ್ಕಾ, ಬರ್ಬ್ಯಾಡ. ನಿನ್ನ ಗಾಡಿ ನಮ್ಮನೆ ಮುಂದೆ ನಿಲ್ಲೋದು ಬ್ಯಾಡ." ನಾನು ಹೋಗಲಿಲ್ಲ. ಆ ಗಾಡಿ ಕಂಡರೆ ಊರು ಏನೆನ್ನುತ್ತದೆಂಬ ಹೆದರಿಕೆ ನನಗೂ ಹತ್ತಿತ್ತು. ಮೂರನೇ ದಿನ ಅವಳ ಗಂಡ ಅಳುತ್ತಾ ಫೋನ್ ಮಾಡಿದ.

ಆಂಬುಲೆನ್ಸ್ ಬಾಗಿಲಲ್ಲಿ ಅವಳು ಉಸಿರಿಗೆ ಒದ್ದಾಡುತ್ತಿದ್ದಳು. ನನ್ನ ಕೈಯಲ್ಲಿ ಸಂಪರ್ಕಿತರ ಹೆಸರು ಬರೆದುಕೊಳ್ಳುವ ಹಾಳೆ ಇತ್ತು. ಕೇಳಲೇಬೇಕಿತ್ತು, ಕೇಳಿದೆ: "ಈ ವಾರ ಯಾರ್ಯಾರ ಜೊತೆ ಇದ್ದೆ, ಸುಧಾ?"

ಅವಳು ಆಕ್ಸಿಜನ್ ಮಾಸ್ಕ್ ಸರಿಸಿದಳು. "ಯಾರ ಜೊತೆಗೂ ಇರ್ಲಿಲ್ಲ ಅಂತ ಬರ್ಕೋ."

ಹಾಗೇ ಬರೆದುಕೊಂಡೆ. ಹಾಸನದ ಆಸ್ಪತ್ರೆಯಲ್ಲಿ ಎರಡು ದಿನ ಬದುಕಿದ್ದಳು, ಅಷ್ಟೇ. ಮುಂದಿನ ವಾರ ಅವಳ ಬೀದಿಯಲ್ಲಿ ಮತ್ತೆ ಮೂವರು ಮಲಗಿದರು. ಅವರಲ್ಲಿ ಒಬ್ಬ ಮುದುಕಿ ಏಳಲಿಲ್ಲ.

ಹೆಸರು ಹೇಳದಿದ್ದರೆ ಗುಟ್ಟು ಉಳಿಯುತ್ತದೆ ಎಂದು ನಾನು ನಂಬಿದ್ದೆ. ಯಾರನ್ನು ಕೇಳುತ್ತೇವೆ, ಯಾರನ್ನು ಬಿಡುತ್ತೇವೆ ಎಂಬುದನ್ನೂ ಜನ ಓದುತ್ತಾರೆಂದು ಕೆಲಸ ಕಲಿಸಿತು. ಕಲಿಯಲು ತಡವಾಯಿತು.

ಸುಧಾಳ ಹಾಳೆಯಲ್ಲಿ ಸಂಪರ್ಕಿತರ ಜಾಗದಲ್ಲಿ 'ಯಾರೂ ಇಲ್ಲ' ಎಂದು ನನ್ನ ಕೈಬರಹವಿದೆ. ಅಲ್ಲಿ ಇರಬೇಕಾಗಿದ್ದ ಹೆಸರುಗಳು ನನಗೆ ಇವತ್ತಿಗೂ ಸಿಕ್ಕಿಲ್ಲ.