ಜಲಜಾಕ್ಷಿಯ ಸಫಾರಿ ಬ್ಯಾಗು

ಡೊಂಬಿವಲಿಯ ನಮ್ಮ ಬಿಲ್ಡಿಂಗಿನಿಂದ ಹುಲಿ ನೋಡಲು ಹೊರಟ ಮೊದಲಿಗಳು ಪಕ್ಕದ ಮನೆಯ ಜಲಜಾಕ್ಷಿ. ಹೊರಟಳು ಅನ್ನುವುದಕ್ಕಿಂತ ಹೊರಡಿಸಿದರು ಅನ್ನಬೇಕು. ನೌಪಾಡಾದಲ್ಲಿ ಹೋಟೆಲು ನಡೆಸುತ್ತಿದ್ದ ಗಂಡ ಸರ್ವೋತ್ತಮ ತೀರಿಕೊಂಡು, ವರ್ಷಾಂತಿಕವೂ ಮುಗಿದಿತ್ತು. ಅಷ್ಟು ದಿನವೂ ಅವಳು ಅಳಲಿಲ್ಲ, ನಗಲಿಲ್ಲ. ಬಡಿಸಿದರೆ ಉಣ್ಣುವಳು, ಟಿವಿ ಹಾಕಿದರೆ ನೋಡುವಳು. ಠಾಣೆಯಲ್ಲಿದ್ದ ಮಗಳು ಸೋನಾಲಿಗೆ ಹೆದರಿಕೆ ಹತ್ತಿತ್ತು. ಅಮ್ಮನಿಗೆ ಒಮ್ಮೆಯಾದರೂ ಬಣ್ಣದ ಸೀರೆ ಉಡಿಸಿ ನಾಲ್ಕು ಜನರ ನಡುವೆ ಕೂರಿಸಬೇಕೆಂದು ತಾಡೋಬಾ ಕಾಡಿನ ಸಫಾರಿಗೆ ಇಬ್ಬರ ಹೆಸರೂ ಬರೆಸಿದಳು.

ಹೊರಡುವ ಮುನ್ನಾದಿನ ಸಂಜೆ ನಾನು ಚಕ್ಕುಲಿ ಡಬ್ಬ ಕೊಡಲು ಹೋದಾಗ ಬ್ಯಾಗು ತುಂಬುತ್ತಿದ್ದರು. ಮಂಚದ ಮೇಲೆ ಸೋನಾಲಿ ತಂದ ಗಿಳಿಹಸಿರು ಸೀರೆ. ಅಷ್ಟರಲ್ಲಿ ಟೂರಿನವನ ಫೋನು ಬಂತು. ಕಾಡಿನಲ್ಲಿ ಕಣ್ಣು ಕುಕ್ಕುವ ಬಣ್ಣ ಬೇಡ, ಹೂವು, ಅತ್ತರು ಬೇಡ, ಸದ್ದು ಮಾಡುವ ಬಳೆಯಂತೂ ಬೇಡವೇ ಬೇಡ ಅಂದನಂತೆ.

ಸೋನಾಲಿ ಮುಖ ಸಣ್ಣದು ಮಾಡಿಕೊಂಡು ಹಸಿರು ಸೀರೆ ತೆಗೆದಿಟ್ಟಳು. ಜಲಜಾಕ್ಷಿ ತನ್ನ ಬೂದಿಬಣ್ಣದ ಸೀರೆ ಮಡಚುತ್ತ, "ನನ್ನದೆಂತ ತೆಗೆಯಲಿಕ್ಕಿಲ್ಲ. ನಾನು ಮೊದಲೇ ರೆಡಿ ಉಂಟು" ಅಂದಳು. ನಲ್ಲಿಯಲ್ಲಿ ನೀರು ನಿಂತಿತು ಎಂದು ಹೇಳುವಷ್ಟೇ ಸಪ್ಪಗೆ. ನನಗೆ ಮೈಯೆಲ್ಲ ಉರಿಯಿತು. ಹುಲಿಯಾದರೂ ಕಾಡಿನಲ್ಲಿ ಮಾತ್ರ ಬೇಡ ಅನ್ನುತ್ತದೆ, ನಮ್ಮ ಜನ ಎಲ್ಲ ಕಡೆಯೂ ಅನ್ನುತ್ತಾರೆ.

"ಮಮ್ಮಿ, ಮೈ ಭೀ ನಿಕಾಲ್‌ತೀ ಹೂಂ, ನಾನೂ ತೆಗೀತೇನೆ" ಅನ್ನುತ್ತ ಸೋನಾಲಿ ಬೇಸಿನ್ನಿನ ಮುಂದೆ ನಿಂತು, ಮುಂಗೈಗೆ ಸಾಬೂನು ಹಚ್ಚಿ ಬಳೆಗಳನ್ನು ಒಂದೊಂದಾಗಿ ಜಾರಿಸತೊಡಗಿದಳು. ಸರ್ವೋತ್ತಮ ಹೋದ ಹನ್ನೊಂದನೆಯ ದಿನ ಅದೇ ಬೇಸಿನ್ನಿನಲ್ಲಿ, ಹೀಗೆಯೇ ಸಾಬೂನು ಹಚ್ಚಿ, ನಾದಿನಿಯೊಬ್ಬಳು ಜಲಜಾಕ್ಷಿಯ ಬಳೆ ತೆಗೆದಿದ್ದಳು.

ಸೀರೆ ಮಡಚುತ್ತಿದ್ದ ಕೈ ನಿಂತಿತು. ಜಲಜಾಕ್ಷಿ ಎದ್ದುಹೋಗಿ ಸೆರಗಿನಿಂದ ಮಗಳ ಕೈಯ ನೊರೆ ಒರೆಸಿ, ಬಳೆಗಳನ್ನು ಹಿಂದಕ್ಕೆ ಏರಿಸಿದಳು.

"ತೆಗೀಬೇಡ ಮಗಾ. ಹುಲಿ ಬಾರದಿದ್ರೆ ಬೇಡ."

"ಮಮ್ಮಿ, ಅವ್ರು ಬೈತಾರೆ."

"ಬೈಲಿ" ಅಂದವಳು ಮಗಳ ಕೈ ಹಿಡಿದುಕೊಂಡೇ ಅತ್ತಳು. ಸರ್ವೋತ್ತಮನ ಹೆಣ ಎತ್ತುವಾಗಲೂ ಅವಳು ಅತ್ತಿರಲಿಲ್ಲ.

ಹುಲಿ ಕಾಣಲಿಲ್ಲವಂತೆ. ಜೀಪಿನಲ್ಲಿದ್ದವರು ಸೋನಾಲಿಯ ಬಳೆ ನೋಡಿ ಬೈದರಂತೆ. ಬಂದ ದಿನವೇ ಜಲಜಾಕ್ಷಿ ಚಕ್ಕುಲಿ ಡಬ್ಬ ವಾಪಸು ತಂದುಕೊಟ್ಟು, ಬೈಸಿಕೊಂಡ ಆ ಕಥೆಯನ್ನು ನನಗೆ ಎರಡು ಸಲ ಹೇಳಿದಳು.