ನನ್ನ ಕೆಮ್ಮು, ನಿಧಿಯ ತೋಳು

ಬಾತ್‌ರೂಮಿನ ಸಿಂಕಿನಲ್ಲಿ ರಕ್ತ ಕಂಡದ್ದು ಒಂದು ಮಂಗಳವಾರ ಬೆಳಿಗ್ಗೆ. ಹೆಚ್ಚಿರಲಿಲ್ಲ. ಕುಂಕುಮ ಕದಡಿದಷ್ಟು. ನಲ್ಲಿ ತಿರುಗಿಸಿ ತೊಳೆದೆ. ಯಾರಿಗೂ ಹೇಳಲಿಲ್ಲ.

ಕೆಮ್ಮು ಶುರುವಾಗಿ ಎರಡು ತಿಂಗಳಾಗಿತ್ತು. ಹಳೆಯ ಕಾಗದದ ಧೂಳು ಎಂದುಕೊಂಡಿದ್ದೆ. ನನ್ನ ಕೆಲಸವೇ ಹಾಗೆ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಟೊರೊಂಟೋದ ಒಂದು ಬಡ ವಾರ್ಡಿನಲ್ಲಿ ಸತ್ತವರ ರಿಜಿಸ್ಟರುಗಳನ್ನು ಓದಿ ಕಂಪ್ಯೂಟರಿಗೆ ಹತ್ತಿಸುವುದು. ಹೆಸರು, ವಯಸ್ಸು, ಬೀದಿ, ಕಾರಣ. ಟೈಫಾಯ್ಡ್, ಡಿಫ್ತೀರಿಯಾ, ಸ್ಕಾರ್ಲೆಟ್ ಫೀವರ್. ಎಲ್ಲಕ್ಕಿಂತ ಹೆಚ್ಚಾಗಿ ಕ್ಷಯ. ಕೆಲವು ಮನೆಗಳ ವಿಳಾಸ ಮತ್ತೆ ಮತ್ತೆ ಬರುತ್ತಿತ್ತು: ಮೊದಲು ತಾಯಿ, ಚಳಿಗಾಲ ಕಳೆಯುವುದರೊಳಗೆ ಮಕ್ಕಳು. ಅಂಥ ಪುಟ ಬಂದಾಗ ಟೈಪ್ ಮಾಡುವ ಬೆರಳು ನಿಧಾನವಾಗುತ್ತಿತ್ತು, ಅಷ್ಟೇ. ಅದು ಮುಗಿದುಹೋದ ಕಾಲ ಎಂಬ ಧೈರ್ಯವಿತ್ತು.

ಗುರುವಾರ ಮತ್ತೆ ರಕ್ತ ಬಂತು. ಈ ಸಲ ನನ್ನ ಗಂಡ ಸುರೇಶ್ ನೋಡಿಬಿಟ್ಟರು.

ಎಕ್ಸ್‌ರೇ, ಸಿಟಿ ಸ್ಕ್ಯಾನ್, ಕಫದ ಪರೀಕ್ಷೆ. ಮಾಸ್ಕ್ ಹಾಕಿಕೊಂಡೇ ಒಳಗೆ ಬಂದ ಡಾಕ್ಟರ್ ಬಾಗಿಲ ಹತ್ತಿರವೇ ನಿಂತರು.

ಟಿಬಿ.

ರಿಜಿಸ್ಟರುಗಳಿಂದ ಬಂದದ್ದಲ್ಲ, ಕಾಗದದಿಂದ ಇದು ಹರಡುವುದಿಲ್ಲ ಎಂದರು. ಎಷ್ಟೋ ವರ್ಷಗಳಿಂದ ನನ್ನೊಳಗೇ ಮಲಗಿದ್ದಿರಬಹುದಂತೆ. ಮನೆಯಲ್ಲಿ ಯಾರಿಗಾದರೂ ಇತ್ತೇ ಎಂದು ಕೇಳಿದರು. ಇಲ್ಲ ಎಂದೆ.

ಸಂಜೆ ಉಡುಪಿಗೆ ಫೋನ್ ಮಾಡಿದೆ. ಡಾಕ್ಟರ್ ಕೇಳಿದ್ದನ್ನೇ ಅಮ್ಮನನ್ನು ಕೇಳಿದೆ.

“ನಿನ್ನ ದೊಡ್ಡಮ್ಮನಿಗೆ ಇತ್ತು,” ಎಂದಳು. “ದಮ್ಮು ಅಂತ ಹೇಳಿದ್ದು ನಾವು. ಹುಡುಗಿಯರ ಮದುವೆ ಆಗ್ಬೇಕಿತ್ತಲ್ಲ ಮಾರಾಯ್ತಿ. ನಿನ್ನನ್ನು ಪಕ್ಕದಲ್ಲಿ ಮಲಗಿಸಿಕೊಳ್ತಾ ಇದ್ದದ್ದೇ ಅವಳು.”

ಅದೇ ವಾರ ಪಬ್ಲಿಕ್ ಹೆಲ್ತ್ ನರ್ಸ್ ಫೋನಿನಲ್ಲಿ ಪಟ್ಟಿ ಕೇಳಿದರು. ಈ ತಿಂಗಳುಗಳಲ್ಲಿ ನಾನು ಯಾರ ಜೊತೆ ಮುಚ್ಚಿದ ಕೋಣೆಯಲ್ಲಿ ಕೂತಿದ್ದೆ? ಪ್ರತಿ ಶನಿವಾರ ಟೊರೊಂಟೋ ಪಕ್ಕದ ರಿಚ್ಮಂಡ್ ಹಿಲ್‌ನಲ್ಲಿ ನಾನು ಕನ್ನಡ ಕಲಿಸುವ ಹನ್ನೊಂದು ಮಕ್ಕಳಿದ್ದರು. ಅವರ ಹೆಸರಿಗೆ ಬಂದಾಗ ಪಕ್ಕದಲ್ಲಿದ್ದ ಸುರೇಶ್ ಕಡೆ ನೋಡಿದೆ. ನನ್ನ ಹೆಸರು ಯಾರಿಗೂ ಹೇಳುವುದಿಲ್ಲ ಎಂದು ನರ್ಸ್ ಭರವಸೆ ಕೊಟ್ಟರು. ಆದರೆ ಟೀಚರ್ ಬರುತ್ತಿಲ್ಲ, ಮಕ್ಕಳಿಗೆಲ್ಲ ಟೆಸ್ಟ್ ಎಂದರೆ ನಮ್ಮವರಲ್ಲಿ ಯಾರಿಗೆ ತಿಳಿಯದೆ ಇರುತ್ತದೆ?

“ಮಕ್ಕಳ ಹೆಸರು ಹೇಳ್ಲೇಬೇಕಾ?” ಸುರೇಶ್ ಮೆಲ್ಲಗೆ ಕೇಳಿದರು.

ದೊಡ್ಡಮ್ಮನ ದಮ್ಮು ನೆನಪಾಯಿತು. ಹನ್ನೊಂದೂ ಹೆಸರು ಹೇಳಿದೆ. ಆಮೇಲೆ ಎಲ್ಲರ ಮನೆಗೂ ನಾನೇ ಫೋನ್ ಮಾಡಿದೆ. “ಇಷ್ಟು ದಿನ ಕೆಮ್ಕೊಂಡೇ ಬರ್ತಿದ್ರಲ್ಲ ಮೇಡಂ,” ಎಂದು ಒಬ್ಬ ತಾಯಿ ಫೋನ್ ಇಟ್ಟರು. ಆಕೆ ಹೇಳಿದ್ದು ನಿಜ.

ಮನೆಯವರಿಗೆ ತಗಲದಿರಲೆಂದು ನಾನು ಕೆಳಗಿನ ಬೇಸ್‌ಮೆಂಟಿಗೆ ಇಳಿದೆ. ಊಟದ ತಟ್ಟೆ ಮೆಟ್ಟಿಲ ಮೇಲೆ ಬರುತ್ತಿತ್ತು. ಮಾತ್ರೆ ನುಂಗುವುದನ್ನು ನರ್ಸ್ ದಿನವೂ ವಿಡಿಯೋದಲ್ಲಿ ನೋಡುತ್ತಿದ್ದರು. ಆ ಮಾತ್ರೆಯಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತು. ಒಂಬತ್ತು ವರ್ಷದ ಮಗಳು ನಿಧಿ ಮೇಲೆ ಓಡಾಡುವ ಸದ್ದು ಕೇಳುತ್ತಿತ್ತು. ಅವಳು ಒಮ್ಮೆ ಕೆಮ್ಮಿದರೆ ಇನ್ನೊಂದು ಕೆಮ್ಮು ಬರುತ್ತದೆಯೇ ಎಂದು ಉಸಿರು ಹಿಡಿದು ಕಾಯುತ್ತಿದ್ದೆ.

ಅವಳಿಗೂ ಸೂಜಿ ಚುಚ್ಚಿ ಸ್ಕಿನ್ ಟೆಸ್ಟ್ ಮಾಡಿದರು; ಚುಚ್ಚಿದ ಜಾಗ ಊದಿದರೆ ರೋಗಾಣು ಒಳಗಿದೆ ಎಂದರ್ಥ. ಎರಡನೆಯ ದಿನ ಸುರೇಶ್ ಫೋಟೋ ಕಳಿಸಿದರು.

ತೋಳು ಊದಿತ್ತು.

ಅವಳ ಎಕ್ಸ್‌ರೇ ಆಗುವ ತನಕ ನಾನು ಏನು ಮಾಡಿದೆನೋ ನೆನಪಿಲ್ಲ. ಮೊದಲು ತಾಯಿ, ಆಮೇಲೆ ಮಕ್ಕಳು, ತಲೆಯಲ್ಲಿ ಇದೊಂದೇ. ಅವಳ ಶ್ವಾಸಕೋಶದಲ್ಲಿ ಏನೂ ಇರಲಿಲ್ಲ. ರೋಗಾಣು ಹೊಕ್ಕಿದೆ, ರೋಗವಾಗಿಲ್ಲ, ನಾಲ್ಕು ತಿಂಗಳು ಔಷಧ ಸಾಕು ಎಂದರು. ಆ ಹಳೆಯ ವಾರ್ಡಿನ ಯಾವ ತಾಯಿಗೂ ಈ ನಾಲ್ಕು ತಿಂಗಳು ಸಿಕ್ಕಿರಲಿಲ್ಲ. ಕ್ಲಾಸಿನ ಇಬ್ಬರು ಮಕ್ಕಳಿಗೂ ಅದೇ ಔಷಧ ಶುರುವಾಯಿತು. ಫೋನ್ ಇಟ್ಟ ತಾಯಿಯ ಮಗಳು ಅವರಲ್ಲೊಬ್ಬಳು.

ಐದನೆಯ ವಾರ ನನ್ನ ಕಫದ ಮೂರೂ ಪರೀಕ್ಷೆ ನೆಗೆಟಿವ್ ಬಂತು. ಇನ್ನು ಮೇಲೆ ಮನೆಯವರ ಜೊತೆ ಇರಬಹುದು ಎಂದರು ನರ್ಸ್. ಮೆಟ್ಟಿಲು ಹತ್ತಿ ಅಡುಗೆಮನೆಗೆ ಬಂದೆ. ನಿಧಿ ಫ್ರಿಜ್ಜಿನ ಆಚೆ ನಿಂತಿದ್ದಳು. ದೂರ ನಿಲ್ಲುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು.

“ಆರ್ ಯು ಶೂರ್, ಅಮ್ಮಾ?”

“ನರ್ಸಿಗೆ ಶೂರ್ ಅಂತೆ,” ಎಂದೆ. “ನಂಗೆ ಇನ್ನೂ ಸ್ವಲ್ಪ ಹೆದರಿಕೆ ಉಂಟು.”

“ಮೀ ಟೂ,” ಎಂದಳು. ಆದರೂ ಬಂದಳು. ಅವಳನ್ನು ತಬ್ಬಿಕೊಂಡೆ. ಮುಖ ಮಾತ್ರ ಪಕ್ಕಕ್ಕೆ ತಿರುಗಿಸಿ ಉಸಿರು ಬಿಟ್ಟೆ.